ಅಪ್ಪನನ್ನು ಆ ಟ್ರ್ಯಾಕ್ ಹತ್ತಿರ ಬಿಡಬೇಡ

ಪುಟ್ಟಿ, ಈಗಷ್ಟೇ ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ನೋಡಿದೆ. ಅಪ್ಪ ಅಮ್ಮನ ಜೊತೆ ಸ್ವಿಟ್ಜರ್ಲೆಂಡಿಗೆ ಹೋಗುತ್ತಿದ್ದೀಯ, ಲೊಸಾನ್‌ನಲ್ಲಿ ಒಲಿಂಪಿಕ್ ಮ್ಯೂಸಿಯಂ ನೋಡಬೇಕು, ಅಪ್ಪನ ಮಂಡಿ ನೋವಿಗೆ ಆ ದಿಬ್ಬ ಹತ್ತುವುದು ಆಗುತ್ತಾ ಅಂತ ತಾನೇ ಕೇಳಿದ್ದು? ಮಂಡಿ ವಿಷಯ ಆಮೇಲೆ. ಮೊದಲು ಇದು ಕೇಳು. ಅಲ್ಲಿ ಪಾರ್ಕಿನಲ್ಲಿ ಒಂದು ಓಟದ ಟ್ರ್ಯಾಕ್ ಇದೆ. ಅಪ್ಪನನ್ನು ಅದರ ಹತ್ತಿರ ಬಿಡಬೇಡ.

ನಿಮ್ಮ ದೊಡ್ಡಪ್ಪ ಗೊತ್ತಲ್ಲ. ಕಾಲೇಜಿನಲ್ಲಿ ಹಾಕಿ ಆಡಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. 2018ರಲ್ಲಿ ನಾವು ಹೋದಾಗ ಅವರಿಗೆ ಅರವತ್ತೇಳು. ಕೆಳಗೆ ಸರೋವರ, ಎದುರಿಗೆ ಬೆಟ್ಟ, ನಾನು ಫೋಟೋ ತೆಗೆಯುತ್ತಿದ್ದೆ. ‘ಉಸೇನ್ ಬೋಲ್ಟ್ ನೂರು ಮೀಟರ್ 9.58 ಸೆಕೆಂಡಿನಲ್ಲಿ ಓಡಿದ್ದಾನೆ, ನಾನು ಇಪ್ಪತ್ತರಲ್ಲಾದರೂ ಓಡಬೇಡವಾ’ ಅಂತ ಜರ್ಕಿನ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಕಾಲಲ್ಲಿ ಚರ್ಮದ ಬೂಟು! ಹತ್ತು ಹೆಜ್ಜೆ ಆಗಿಲ್ಲ, ಮೀನಖಂಡ ಹಿಡಿದುಕೊಂಡು ಅಲ್ಲೇ ಕೂತರು. ಯಾವುದೋ ಸ್ಕೂಲ್ ಮಕ್ಕಳು ಚಪ್ಪಾಳೆ ಬೇರೆ ತಟ್ಟಿದವು.

ಆಮೇಲೆ ಒಳಗೆಲ್ಲ ಸುತ್ತಿದ್ದು ನಾನೊಬ್ಬಳೇ. ಸಾಲಾಗಿ ಇಟ್ಟಿರುವ ಜ್ಯೋತಿಗಳು ಎಷ್ಟು ಚೆಂದ ಗೊತ್ತಾ! ಜ್ಯೋತಿ ಹಿಡಿದು ಊರೂರು ಓಡುವುದು ಶುರುವಾಗಿದ್ದೇ 1936ರ ಬರ್ಲಿನ್‌ನಲ್ಲಂತೆ, ನಾನು ಗ್ರೀಕರ ಕಾಲದ್ದು ಅಂದುಕೊಂಡಿದ್ದೆ. ಒಲಿಂಪಿಕ್ಸ್ ಮತ್ತೆ ಶುರು ಮಾಡಿಸಿದ ಕೂಬರ್ತಿನ್‌ರನ್ನು ಮಣ್ಣು ಮಾಡಿದ್ದು ಲೊಸಾನ್‌ನಲ್ಲಿ, ಹೃದಯವನ್ನು ಮಾತ್ರ ಗ್ರೀಸಿನ ಒಲಿಂಪಿಯಾದಲ್ಲಿ ಇಟ್ಟಿದ್ದಾರೆ. ಬಂದು ಹೇಳಿದರೆ ದೊಡ್ಡಪ್ಪ, ‘ನನ್ನ ಕಾಲು ಇಲ್ಲೇ ಬಿಟ್ಟು ಹೋಗೋಣ’ ಅಂದರು. ಬೆಂಚಿನಲ್ಲಿ ಕೂತು ಯಾರೋ ಬಿಳಿಯರಿಗೆ 1928ರಿಂದ 1956ರವರೆಗೆ ನಮ್ಮ ಆರು ಹಾಕಿ ಚಿನ್ನದ ಪಾಠ ನಡೆದಿತ್ತು. 1980ರ ಚಿನ್ನದ ತಂಡದಲ್ಲಿದ್ದ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ತನಕ ಬಂದಿದ್ದರು!

ಊರಿಗೆ ಬಂದ ಮೇಲೆ ಮೂರು ವಾರ ಹಾಸಿಗೆ. ಆಗ ಇದೇ ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿಯುವ ಬೊಂಬೆ ಹಾಕಿದ್ದೇ ಹಾಕಿದ್ದು. ಫೋನ್ ಮಾಡಿದವರು? ಒಬ್ಬರೂ ಇಲ್ಲ. ಬೀದಿಯ ಆ ತುದಿಯಲ್ಲೇ ಇರುವವರೂ ಬರಲಿಲ್ಲ. ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು. ನಾನು ಮಾತ್ರ ಯಾರಿಗೆ ಹುಷಾರಿಲ್ಲದಿದ್ದರೂ ಸಾರು ಮಾಡಿ ಹೊತ್ತುಕೊಂಡು ಹೋಗಬೇಕು, ಅಲ್ವಾ? ಹೋಗಲಿ ಬಿಡು.

ಅಯ್ಯೋ, ನೀನು ಕೇಳಿದ್ದೇ ಮರೆತೆ. ಲೊಸಾನ್ ಸ್ಟೇಷನ್ನಿನಿಂದ ಎಂ2 ಮೆಟ್ರೋ ಹತ್ತಿ, ಕೊನೆಯ ಸ್ಟಾಪ್ ಊಶಿ ಒಲಿಂಪಿಕ್. ಅಲ್ಲಿಂದ ಸರೋವರದ ದಡದಲ್ಲೇ ಸಮತಟ್ಟು ದಾರಿ. ಪಾರ್ಕಿನ ದಿಬ್ಬ ಮಾತ್ರ ಕೂತು ಕೂತು ಹತ್ತಲಿ, ಅವಸರ ಬೇಡ. ಒಳಗೆ ಲಿಫ್ಟ್ ಇದೆ, ಮಂಡಿಗೆ ತೊಂದರೆ ಇಲ್ಲ. ಸೋಮವಾರ ಸಾಮಾನ್ಯವಾಗಿ ರಜೆ, ನೋಡಿಕೊಂಡು ಹೊರಡಿ. ಟ್ರ್ಯಾಕ್ ಮಾತ್ರ ಬೇಡ, ಮತ್ತೆ ಹೇಳುತ್ತಿದ್ದೇನೆ. ಅಪ್ಪನೂ ದೊಡ್ಡಪ್ಪನ ತಮ್ಮನೇ ತಾನೇ.

ಇವರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾರೆ. ಹತ್ತಲ್ಲ, ಹದಿನೈದು ಹೆಜ್ಜೆ ಅಂತೆ.