ಅಮೆರಿಕದ ‘ಸೆಕ್ರೆಟರಿ ಆಫ್ ಎನರ್ಜಿ’: ಇಂಧನ ಕಾರ್ಯದರ್ಶಿಯೋ, ಶಕ್ತಿ ಸಚಿವರೋ?

ಪ್ರಶ್ನೆ: 1977ರ ‘ಡಿಪಾರ್ಟ್‌ಮೆಂಟ್ ಆಫ್ ಎನರ್ಜಿ ಆರ್ಗನೈಸೇಷನ್ ಆ್ಯಕ್ಟ್’ ಕನ್ನಡದಲ್ಲಿ ಏನಾಗಬೇಕು? ‘ಶಕ್ತಿ ಇಲಾಖೆ ಸಂಘಟನಾ ಕಾಯ್ದೆ’ ಎಂದರೆ ನೌಕರರ ಸಂಘದ ಕಾನೂನಿನಂತೆ ಕೇಳಿಸುತ್ತದೆ. ಇಲಾಖೆಯ ‘ಸೆಕ್ರೆಟರಿ’ಗೆ ಯಾವ ಪದ?

ಉತ್ತರ: ‘ಸಂಘಟನೆ’ ಬಿಡಿ, ‘ರಚನೆ’ ಸಾಕು. ಫೆಡರಲ್ ಎನರ್ಜಿ ಅಡ್ಮಿನಿಸ್ಟ್ರೇಷನ್, ಇಂಧನ ಸಂಶೋಧನೆಯ ಸಂಸ್ಥೆ ‘ಎರ್ಡಾ’ ಮುಂತಾದವನ್ನು ಮುಚ್ಚಿ ಅವುಗಳ ಕೆಲಸವನ್ನು ಒಂದೇ ಸೂರಿನಡಿ ತಂದದ್ದು ಈ ಕಾನೂನು. ‘ಇಂಧನ ಇಲಾಖೆ ರಚನಾ ಕಾಯ್ದೆ, 1977’ ಎನ್ನಿ. ಕಾನೂನು ಪಠ್ಯದ ಅನುವಾದವಾದರೆ ‘ಅಧಿನಿಯಮ’. ಆಗಸ್ಟ್ 4ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು ಮಸೂದೆಗೆ, ಕಾಯ್ದೆಗಲ್ಲ. ಇಲಾಖೆ ಕೆಲಸ ಶುರುಮಾಡಿದ್ದು ಅಕ್ಟೋಬರ್ 1ಕ್ಕೆ. ನಮ್ಮಲ್ಲಿ ಸಚಿವಾಲಯ ಹುಟ್ಟಲು ಕಾಯ್ದೆಯೇ ಬೇಡ, ಸಂವಿಧಾನದ 77(3)ರಡಿಯ ಕಾರ್ಯಹಂಚಿಕೆ ನಿಯಮ ತಿದ್ದಿದರೆ ಆಯಿತು. ಇಂಥ ಕಾನೂನಿಗೆ ಸಿದ್ಧ ಹೆಸರು ಕನ್ನಡದಲ್ಲಿ ಸಿಗದಿರುವುದು ಅದಕ್ಕೇ.

‘ಎನರ್ಜಿ’ ನಿಜವಾದ ತೊಡಕು. ‘ಇಂಧನ’ದ ಮೂಲಾರ್ಥ ಉರುವಲು, ಸೌದೆ. ಕರ್ನಾಟಕದ ಇಂಧನ ಇಲಾಖೆ ಎಂದೊಡನೆ ನೆನಪಾಗುವುದು ಕರೆಂಟು. ಅಮೆರಿಕದ ಇಲಾಖೆಯಲ್ಲಾದರೋ ತೈಲ ದಾಸ್ತಾನು, ಅಣುಬಾಂಬ್ ಹುಟ್ಟಿದ ಲಾಸ್ ಅಲಾಮೋಸ್ ಪ್ರಯೋಗಾಲಯ, ಅಣ್ವಸ್ತ್ರ ತಯಾರಿಕೆಯೂ ಸೇರಿವೆ. ಅರ್ಥಕ್ಕೆ ‘ಶಕ್ತಿ’ಯೇ ಹತ್ತಿರ. ಆದರೆ ‘ಶಕ್ತಿ ಯೋಜನೆ’ ಎಂದರೆ ಇಂದು ಹೆಂಗಸರ ಉಚಿತ ಬಸ್ಸು, ‘ಜಲಶಕ್ತಿ’ ಎಂದರೆ ನೀರಿನ ಸಚಿವಾಲಯ! ಆದ್ದರಿಂದ ಇಲಾಖೆಗೆ, ನೀತಿಗೆ ‘ಇಂಧನ’ ಇರಲಿ. ಎನರ್ಜಿ, ಫ್ಯುಯೆಲ್ ಎರಡೂ ಬರುವ ವಾಕ್ಯದಲ್ಲಿ ಮಾತ್ರ ಮೊದಲನೆಯದು ‘ಶಕ್ತಿ’, ಎರಡನೆಯದು ‘ಇಂಧನ’. ಇಲ್ಲವಾದರೆ ಫ್ರಿಜ್ಜಿನ ‘ಇಂಧನ ದಕ್ಷತೆ’ ಕಾರಿನ ಮೈಲೇಜಿನಂತೆ ಓದಿಸಿಕೊಳ್ಳುತ್ತದೆ.

‘ಕಾರ್ಯದರ್ಶಿ’ ಖಂಡಿತ ಬೇಡ. ನಮ್ಮಲ್ಲಿ ಆತ ಸಚಿವರ ಕೈಕೆಳಗಿನ ಐಎಎಸ್ ಅಧಿಕಾರಿ. ಅಲ್ಲಿಯ ಮೊದಲ ಸೆಕ್ರೆಟರಿ ಜೇಮ್ಸ್ ಶ್ಲೆಸಿಂಜರ್ ಅಧ್ಯಕ್ಷರ ಸಂಪುಟದ ಸದಸ್ಯರು. ‘ಸಚಿವ’ ಕೂಡ ಪೂರ್ತಿ ಹೊಂದುವುದಿಲ್ಲ: ನಮ್ಮ ಸಚಿವರು ಆರು ತಿಂಗಳೊಳಗೆ ಶಾಸನಸಭೆಯ ಸದಸ್ಯರಾಗಲೇಬೇಕು, ಅಲ್ಲಿಯವರು ಅಲ್ಲಿನ ಸಂಸತ್ತಾದ ‘ಕಾಂಗ್ರೆಸ್’ನ ಸದಸ್ಯರಾಗಿ ಇರುವಂತೆಯೇ ಇಲ್ಲ. ಆದರೂ ಸ್ಥಾನದ ತೂಕ ಓದುಗರಿಗೆ ತಿಳಿಯುವುದು ‘ಸಚಿವ’ದಿಂದಲೇ. ಒಮ್ಮೆ ಹಾಗೆಂದ ಮೇಲೆ ಕೆಳಗಿನ ಹುದ್ದೆಗಳೂ ಬದಲಾಗಬೇಕು: ಡೆಪ್ಯುಟಿ ಸೆಕ್ರೆಟರಿ ‘ಉಪಸಚಿವ’. ಅಂಡರ್ ಸೆಕ್ರೆಟರಿಯನ್ನು ‘ಅಧೀನ ಕಾರ್ಯದರ್ಶಿ’ ಮಾಡಿದರೆ, ಸೆನೆಟ್ ಒಪ್ಪಿಗೆ ಬೇಕಾದ ಹುದ್ದೆಯನ್ನು ವಿಧಾನಸೌಧದ ಕಡತದ ಮೇಜಿಗೆ ಇಳಿಸಿದಂತೆ. ಅದನ್ನು ‘ಅಂಡರ್ ಸೆಕ್ರೆಟರಿ’ ಎಂದೇ ಬಿಡುವುದು ಲೇಸು.

ಫೆಡರಲ್ ಇಂಧನ ನಿಯಂತ್ರಣ ಆಯೋಗವನ್ನು ‘ಇಲಾಖೆಯ ಅಧೀನ ಸಂಸ್ಥೆ’ ಎನ್ನಬೇಡಿ. ಕಾಯ್ದೆ ಅದನ್ನು ಇಲಾಖೆಯೊಳಗೇ ಇಟ್ಟಿದೆ, ಆದರೆ ಸ್ವತಂತ್ರ ಆಯೋಗವಾಗಿ. ‘ಇಲಾಖೆಯೊಳಗಿನ ಸ್ವತಂತ್ರ ಆಯೋಗ’ ಎಂದು ಬರೆಯಿರಿ.