ಚೊಚ್ಚಲ ಹೆರಿಗೆ: ಪ್ರಸೂತಿ ಡಾಕ್ಟರಲ್ಲಿ ಕೇಳಿ

ನಿರ್ವಾಹಕರು: ನಮ್ಮ ಕಾಸರಗೋಡು–ಮಂಜೇಶ್ವರ ಗುಂಪಿನಲ್ಲಿ ಇವತ್ತು ರಾತ್ರಿ 8ರಿಂದ ಪ್ರಸೂತಿ ಡಾಕ್ಟರು ಇರುತ್ತಾರೆ. ಮೊದಲ ಹೆರಿಗೆಯ ಪ್ರಶ್ನೆ ಮಾತ್ರ. ಫಾರ್ವರ್ಡ್ ಹಾಕಬೇಡಿ.

ಬದಿಯಡ್ಕ ಸದಸ್ಯೆ: ನಮಸ್ಕಾರ ಡಾಕ್ಟ್ರೇ. ನೋವು ನಿಜದ್ದು ಅಂತ ಗೊತ್ತಾಗುವುದು ಹೇಗೆ? ತಂಗಿಯನ್ನು ಆಸ್ಪತ್ರೆಯಿಂದ ಎರಡು ಸಲ ವಾಪಸ್ ಕಳಿಸಿದರು.

ಡಾಕ್ಟರ್: ಸುಳ್ಳು ನೋವು ಹೆಚ್ಚಾಗಿ ಹೊಟ್ಟೆಯ ಮುಂದೆಯೇ ಬರುತ್ತದೆ, ಸ್ವಲ್ಪ ನಡೆದರೆ ಅಥವಾ ಮಲಗಿದರೆ ಇಳಿಯುತ್ತದೆ. ನಿಜದ್ದು ಸೊಂಟದಲ್ಲಿ ಹುಟ್ಟಿ ಮುಂದಕ್ಕೆ ಹಬ್ಬುತ್ತದೆ, ಹೊಟ್ಟೆ ಕಲ್ಲಿನ ಹಾಗೆ ಬಿಗಿದು ಮತ್ತೆ ಸಡಿಲವಾಗುತ್ತದೆ. ಗಡಿಯಾರ ನೋಡಿ: 5 ನಿಮಿಷಕ್ಕೊಮ್ಮೆ, ಪ್ರತಿ ಸಲ ಸುಮಾರು 1 ನಿಮಿಷ, ಹೀಗೆ 1 ಗಂಟೆ ಬಂದರೆ ಹೊರಡಿ. ಮನೆ ದೂರ ಇದ್ದರೆ ಇನ್ನೂ ಬೇಗ. ಚೊಚ್ಚಲಲ್ಲಿ ಗರ್ಭಕೋಶದ ಬಾಯಿ ಮೊದಲು ತೆಳುವಾಗಿ ಆಮೇಲೆ ತೆರೆಯುವುದು. 5 ಸೆಂ.ಮೀ. ಆಗುವ ತನಕ ಇಡೀ ದಿನ ಹೋದರೂ ಹೋಯಿತು. ಅಲ್ಲಿಂದ 10ಕ್ಕೆ ಸಾಮಾನ್ಯವಾಗಿ 12 ಗಂಟೆಯೊಳಗೆ, ಮತ್ತೆ ಮಗು ಹೊರಬರಲು 3 ಗಂಟೆಯೊಳಗೆ. ನೀರು ಹೋದರೆ ಮಾತ್ರ ನೋವಿಗೆ ಕಾಯಬೇಡಿ. ಎಷ್ಟು ಗಂಟೆಗೆ, ಯಾವ ಬಣ್ಣ ಅಂತ ನೋಡಿಟ್ಟುಕೊಳ್ಳಿ. ಹಸಿರು ಅಂದರೆ ಮಗು ಒಳಗೇ ಕಕ್ಕ ಮಾಡಿದೆ, ಕೂಡಲೇ ಹೊರಡಿ.

ಕುಂಬಳೆ ಸದಸ್ಯೆ: ಹೆರಿಗೆ ಕೋಣೆಗೆ ಗಂಡನನ್ನು ಬಿಡುತ್ತಾರಾ ಮೇಡಂ?

ಮುಳ್ಳೇರಿಯ ಸದಸ್ಯೆ: ನನಗೆ ಮಲಯಾಳ ಸರಿಯಾಗಿ ಬರುವುದಿಲ್ಲ. ನೋವಿನಲ್ಲಿ ಸಿಸ್ಟರ್ ಹೇಳಿದ್ದು ಅರ್ಥ ಆಗದಿದ್ದರೆ?

ನರ್ಸ್, ಕಾಸರಗೋಡು: 'ಮುಕ್ಕ್' ಅಂದರೆ ತಿನ್ನು ಅಂತಲ್ಲ ಮಗಾ, ಕೆಳಕ್ಕೆ ಒತ್ತಡ ಕೊಡು ಅಂತ. ನೀನು ಎರಡು ಮಾತು ಬಾಯಿಪಾಠ ಮಾಡಿಕೋ: 'ವೆಳ್ಳಂ ಪೋಯಿ', ನೀರು ಹೋಯಿತು. 'ಕುಞ್ಞ್ ಅನಙ್ಙುನ್ನಿಲ್ಲ', ಮಗು ಅಲುಗಾಡುತ್ತಿಲ್ಲ.

ಮಂಜೇಶ್ವರ ಸದಸ್ಯ: ಇದೆಲ್ಲ ಯಾಕೆ, ಸೀದಾ ಮಂಗಳೂರಿಗೆ ಹೋಗಿ.

ನರ್ಸ್, ಕಾಸರಗೋಡು: 2020ರ ಲಾಕ್‌ಡೌನಲ್ಲಿ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿ ಗಡಿ ಮುಚ್ಚಿದ್ದು ಮರೆತು ಹೋಯಿತಾ? ಹತ್ತಿರ ಒಂದು ಕಡೆ ಕಾರ್ಡ್ ಮಾಡಿಸಿಟ್ಟುಕೊಳ್ಳಲೇಬೇಕು.

ಮಂಜೇಶ್ವರ ಸದಸ್ಯ: ಅದು ಆಗಿನ ಮಾತು. ಈಗ ಎಂಥ ತೊಂದರೆ ಉಂಟು?

ನರ್ಸ್, ಕಾಸರಗೋಡು: ಮುಳ್ಳೇರಿಯದಿಂದ ಮಧ್ಯರಾತ್ರಿ ಹೊರಟು ನೋಡಿ, ಆಮೇಲೆ ಹೇಳಿ.

ಡಾಕ್ಟರ್: ಜಗಳ ಆಮೇಲೆ ಮಾಡಿ. ಎಲ್ಲಿಗೆ ಹೋದರೂ ಸ್ಕ್ಯಾನ್, ರಕ್ತದ ಗುಂಪಿನ ರಿಪೋರ್ಟ್ ಕೈಯಲ್ಲಿರಲಿ.

ಉಪ್ಪಳ ಸದಸ್ಯೆ: 'ತಿಂಗಳು ತುಂಬಿದ ಮೇಲೆ 2 ಚಮಚ ಹರಳೆಣ್ಣೆ ಕುಡಿದರೆ ಸುಖಪ್ರಸವ, ಆಪರೇಷನ್ ಬೇಡ' ಅಂತ ಬಂದಿದೆ. ಸರಿಯಾ?

ಡಾಕ್ಟರ್: ಬೇಡ. ಭೇದಿಯಾಗಿ ಮೈಯ ನೀರು ಹೋಗುತ್ತದೆ, ಹೆರುವಾಗ ಬೇಕಾದ ತ್ರಾಣ ಇರುವುದಿಲ್ಲ. ಜೀರಿಗೆ ಕಷಾಯ ಕುಡಿಯಿರಿ, ತೊಂದರೆಯಿಲ್ಲ.

ಪೆರ್ಲ ಸದಸ್ಯೆ: ತಮ್ಮನ ಹೆಂಡತಿಗೆ 37 ವಾರ, ಚೊಚ್ಚಲು. ಕಾಲು, ಮುಖ ಊದಿದೆ. ನಿನ್ನೆಯಿಂದ ತಲೆನೋವು, ಕಣ್ಣ ಮುಂದೆ ಮಿಂಚಿದ ಹಾಗೆ ಆಗುತ್ತದಂತೆ. ನೀರು ತುಂಬಿದ್ದು, ಬಾರ್ಲಿ ಗಂಜಿ ಕೊಡಿ ಅನ್ನುತ್ತಾರೆ ಅತ್ತೆ. ಕೊಡಬಹುದಾ?

ಡಾಕ್ಟರ್: ಬಾರ್ಲಿ ಬಿಡಿ. ಮನೆಯಲ್ಲಿ ಬಿಪಿ ಮಿಷನ್ ಉಂಟಾ? 5 ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಕೂರಿಸಿ, ತೋಳು ಎದೆಯ ಮಟ್ಟದಲ್ಲಿರಲಿ, ನೋಡಿ ಈಗಲೇ ಬರೆಯಿರಿ. ಮಿಷನ್ ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ, ಹೊರಡಿ.
ಕಾಲು ಮಾತ್ರ ಊದಿದರೆ ನಾನು ಹೆದರುವುದಿಲ್ಲ. ಮುಖ ಊದಿ, ತಲೆನೋವು, ಕಣ್ಣಿಗೆ ಮಿಂಚು ಸೇರಿದರೆ ಪ್ರೀಎಕ್ಲಾಂಪ್ಸಿಯಾ ಅಲ್ಲ ಅಂತ ಖಾತ್ರಿಯಾಗುವ ತನಕ ಅದೇ ಅಂತ ಹಿಡಿಯಬೇಕು. 20 ವಾರದ ನಂತರ ಬರುವ ಈ ಕಾಯಿಲೆ ಚೊಚ್ಚಲು ಬಸುರಿಯರಲ್ಲೇ ಹೆಚ್ಚು. ಇದು ಬರೀ ನೀರು ತುಂಬುವುದಲ್ಲ. ಮಾಸಿನ ತೊಂದರೆಯಿಂದ ತಾಯಿಯ ರಕ್ತನಾಳಗಳ ಒಳಪದರವೇ ಕೆಡುತ್ತದೆ. ಹಾಗಾಗಿ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಲಿವರ್, ಮೆದುಳಿಗೂ ತಟ್ಟುತ್ತದೆ. 140/90 ಆದರೇ ತಪಾಸಣೆ ಬೇಕು, 160/110 ಅಂದರೆ ತುರ್ತು. ಬಲ ಪಕ್ಕೆಲುಬಿನ ಕೆಳಗೆ ನೋವು, ವಾಂತಿ ಉಂಟಾ ಕೇಳಿ. ಇದು ಏರಿದರೆ ಫಿಟ್ಸ್ ಬರುತ್ತದೆ. ಅದನ್ನು ತಡೆಯಲು ಆಸ್ಪತ್ರೆಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ, ಬಿಪಿಗೆ ಬೇರೆ ಮದ್ದು. ಕಾಯಿಲೆ ಬಿಡುವುದು ಹೆರಿಗೆಯಾದ ಮೇಲೆಯೇ, 37 ವಾರ ಆಗಿರುವುದರಿಂದ ಬೇಗ ಹೆರಿಗೆ ಮಾಡಿಸುವುದೇ ದಾರಿ. ಹೆತ್ತ ಮೇಲೂ ಫಿಟ್ಸ್ ಬರಬಹುದು, ಬೇಗ ಮನೆಗೆ ಕರೆತರಬೇಡಿ.

ಉಪ್ಪಳ ಸದಸ್ಯೆ: ಹಾಗಾದರೆ ಉಪ್ಪು ಬಿಟ್ಟರೆ ಸಾಕಾಗುವುದಿಲ್ವಾ?

ಡಾಕ್ಟರ್: ಇಲ್ಲ. ಪೆರ್ಲದವರು ಎಲ್ಲಿದ್ದೀರಿ?

ನೀರ್ಚಾಲು ಸದಸ್ಯ: ಮಗು ಹುಟ್ಟಿದ ಕೂಡಲೇ ಚಿನ್ನ, ಜೇನು ತೇದು ನೆಕ್ಕಿಸಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಸಂದೇಶ...

ಡಾಕ್ಟರ್: ವರ್ಷ ತುಂಬುವ ತನಕ ಜೇನು ಕೊಡಬಾರದು, ಬೊಟುಲಿಸಂ ಎಂಬ ವಿಷಬಾಧೆ ಬರಬಹುದು. ಹುಟ್ಟಿ 1 ಗಂಟೆಯೊಳಗೆ ಎದೆಹಾಲು. ಈ ಫಾರ್ವರ್ಡನ್ನು ಯಾರೂ ಮುಂದೆ ಕಳಿಸಬೇಡಿ, ದಯವಿಟ್ಟು.

ನೀರ್ಚಾಲು ಸದಸ್ಯ: ನಮ್ಮ ಹಿರಿಯರೆಲ್ಲ ಮೂರ್ಖರಾ?

ನರ್ಸ್, ಕಾಸರಗೋಡು: ಹಾಗಂತ ಯಾರು ಹೇಳಿದರು? ಒಬ್ಬಳ ಜೀವದ ವಿಷಯ ನಡೆಯುವಾಗ ನಡುವೆ ನಿಮ್ಮದೊಂದು.

ಪೆರ್ಲ ಸದಸ್ಯೆ: ಪಕ್ಕದ ಮನೆಯ ಮಿಷನಲ್ಲಿ 164/108. ಪಕ್ಕೆ ನೋವೂ ಉಂಟಂತೆ.

ಡಾಕ್ಟರ್: ಈಗಲೇ ಹೊರಡಿ. 108 ಆಂಬುಲೆನ್ಸಿಗೆ ಕರೆಯಿರಿ. ಅದು ತಡ ಅಂತಾದರೆ ಕಾರಿನಲ್ಲಿ, ಎಡಮಗ್ಗುಲಾಗಿ ಮಲಗಿಸಿ, ಜೊತೆಗೆ ಇಬ್ಬರಿರಿ. ಬಾಯಿಗೆ ಏನೂ ಕೊಡಬೇಡಿ. ದಾರಿಯಲ್ಲಿ ಫಿಟ್ಸ್ ಬಂದರೆ ಬಾಯಿಗೆ ಚಮಚ ತುರುಕಬೇಡಿ, ಮಗ್ಗುಲಾಗಿ ಹಿಡಿದುಕೊಳ್ಳಿ ಸಾಕು. ಬಾಗಿಲಲ್ಲೇ '37 ವಾರ, 164/108, ತಲೆನೋವು, ಕಣ್ಣಿಗೆ ಮಿಂಚು' ಅಂತ ಹೇಳಿ, ಚೀಟಿ ಮಾಡಿಸಲು ಸಾಲಿನಲ್ಲಿ ನಿಲ್ಲಬೇಡಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ.

ಪೆರ್ಲ ಸದಸ್ಯೆ: ಕಾರು ಬಂತು. ಹೊರಟೆವು.

ಕುಂಬಳೆ ಸದಸ್ಯೆ: ಮೇಡಂ, ಗಂಡನನ್ನು ಒಳಗೆ ಬಿಡುವ ವಿಷಯ ಕೇಳಿದ್ದೆ...

ನಿರ್ವಾಹಕರು: ಡಾಕ್ಟರು ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಾರೆ. ಇವತ್ತಿಗೆ ಪ್ರಶ್ನೆ ಸಾಕು.