ಹಳೇ ಪತ್ರದಲ್ಲಿ ‘ಅಳಿಯ’ ಅಂತಿದ್ದರೆ ಮಗಳ ಗಂಡನೋ, ತಂಗಿಯ ಮಗನೋ?

ಹಳೇಕಡತ:
ವಂಶವೃಕ್ಷ ಬರೆಯಲು ಹಳೇ ಕ್ರಯಪತ್ರಗಳನ್ನು ಓದುತ್ತಿದ್ದೇನೆ. ಸಾಕ್ಷಿಗಳ ಸಾಲಿನಲ್ಲಿ ‘ನನ್ನ ಅಳಿಯ ರಂಗಪ್ಪ ಬಿನ್ ತಿಮ್ಮಯ್ಯ’ ಅಂತಿದೆ. ಬರೆಸಿದವರು ಗಂಡಸು. ಈ ರಂಗಪ್ಪನನ್ನು ಮಗಳ ಪಕ್ಕ ಕೂರಿಸಲೋ, ತಂಗಿಯ ಕೆಳಗೆ ಹಾಕಲೋ? ಪೇಪರಿನಲ್ಲಿ ಅಣ್ಣನ ಮಗನನ್ನೂ ‘ಸೋದರಳಿಯ’ ಅಂತ ಬರೆಯುತ್ತಾರಲ್ಲ, ಆ ಸಾಧ್ಯತೆಯನ್ನೂ ನೋಡಬೇಕಾ?

ಬೇರುಬಿಳಲು:
ಕೊನೆಯದನ್ನು ಮೊದಲು ತೆಗೆದುಹಾಕಿ. ಗಂಡಸಿಗೆ ಅಣ್ಣತಮ್ಮಂದಿರ ಮಗ ಮಗನೇ, ಅಳಿಯನಲ್ಲ. ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವ ಅವಸರದಲ್ಲಿ ಪೇಪರಿನವರು ಮಾಡುವ ತಪ್ಪು ಅದು. ಹಳೇ ಪತ್ರ ಬರೆಯುತ್ತಿದ್ದವರಿಗೆ ಈ ಗೊಂದಲ ಇರಲಿಲ್ಲ.

ಅವನು ನಿಮ್ಮನ್ನು ಏನಂತ ಕರೆಯುತ್ತಾನೆ ಅನ್ನೋದನ್ನು ನೋಡಿದರೆ ಸಾಕು. ಮಾವ ಅಥವಾ ಅತ್ತೆ ಅಂದರೆ ಅಳಿಯ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಅಂದರೆ ಮಗ. ಹಾಗಾಗಿ ಹೇಳುವವರು ಹೆಂಗಸಾದರೆ ಲೆಕ್ಕ ತಿರುಗುತ್ತದೆ: ಅಣ್ಣತಮ್ಮಂದಿರ ಮಗ ಅಳಿಯ, ಅಕ್ಕತಂಗಿಯರ ಮಗ ಮಗ. ಹೆಂಡತಿಯ ಕಡೆಯೂ ಇದೇ ಸೂತ್ರ. ಅವಳ ಅಣ್ಣನ ಮಗ ನಿಮಗೆ ಅಳಿಯ, ಅವಳ ತಂಗಿಯ ಮಗ ಮಗ.

ಇನ್ನೊಂದು ಸಾಧ್ಯತೆ ಎಲ್ಲರ ಕಣ್ಣು ತಪ್ಪಿಸುತ್ತದೆ. ಅಣ್ಣನ ಮಗಳ ಗಂಡನೂ ಅಳಿಯನೇ. ಬರೆಸಿದವರಿಗೆ ಹೆಣ್ಣುಮಕ್ಕಳೇ ಇರಲಿಲ್ಲ ಅಂತ ಗೊತ್ತಾದ ಮಾತ್ರಕ್ಕೆ ರಂಗಪ್ಪ ತಂಗಿಯ ಮಗ ಅಂತ ತೀರ್ಮಾನಿಸಬೇಡಿ.

ಖಾತೆಪಹಣಿ:
ನಿಮ್ಮ ಹತ್ತಿರ ಇರುವ ಒಳ್ಳೇ ಸುಳಿವು ‘ಬಿನ್ ತಿಮ್ಮಯ್ಯ’. ಬಿನ್ ಅಂದರೆ ಇಂಥವರ ಮಗ. ಈಗ ಬೇರೆ ಪತ್ರಗಳಲ್ಲಿ ‘ಕೋಂ ತಿಮ್ಮಯ್ಯ’, ಅಂದರೆ ತಿಮ್ಮಯ್ಯನ ಹೆಂಡತಿ, ಯಾರು ಅಂತ ಹುಡುಕಿ. ಆಕೆ ಬರೆಸಿದವರ ಅಕ್ಕ ಅಥವಾ ತಂಗಿ ಅಂತ ಖಚಿತವಾದರೆ ರಂಗಪ್ಪ ಸೋದರಳಿಯ.

ತೊಡಕಿರೋದು ಇಲ್ಲೇ. ಮದುವೆಯಾದ ಹೆಂಗಸಿನ ಹೆಸರು ಕೋಂ ಜೊತೆ ಬಂದರೆ ತಂದೆಯ ಹೆಸರು ಮರೆಯಾಗುತ್ತದೆ, ಗಂಡ ತೀರಿಕೊಂಡಿದ್ದರೂ ‘ಕೋಂ ಲೇಟ್’ ಅಂತಲೇ ಇರುತ್ತದೆ. ತವರಿನ ಕಡೆಯ ವಿಭಾಗಪತ್ರ, ದಾನಪತ್ರ ಅಥವಾ ಹಕ್ಕು ಬಿಟ್ಟುಕೊಟ್ಟ ಪತ್ರ ಸಿಕ್ಕರೆ ಮಾತ್ರ ಆಕೆ ಯಾರ ಮಗಳು ಅನ್ನೋದು ತಿಳಿಯುತ್ತದೆ. ತಿಮ್ಮಯ್ಯನಂಥ ಹೆಸರು ಒಂದೇ ಊರಲ್ಲಿ ನಾಲ್ಕೈದು ಜನಕ್ಕಿರುತ್ತದೆ, ಆದ್ದರಿಂದ ಸರ್ವೆ ನಂಬರು, ಚೆಕ್ಕುಬಂದಿಯನ್ನೂ (ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರ) ತಾಳೆ ಹಾಕಿ.

‘ಮಾವ’ ಅನ್ನೋ ಪದದಿಂದ ಹಿಂದಕ್ಕೆ ಹೋಗೋಣ ಅಂದರೆ ಅದಕ್ಕೂ ಎರಡು ಅರ್ಥ. ‘ಸೋದರಮಾವ’ ಅಥವಾ ‘ಹೆಣ್ಣು ಕೊಟ್ಟ ಮಾವ’ ಅಂತ ಬಿಡಿಸಿ ಬರೆದಿದ್ದರೆ ನಿಮ್ಮ ಅದೃಷ್ಟ.

ಈಗ ಹೊಸದಾಗಿ ವಿಲ್ ಬರೆಸುವವರು ಬರೀ ‘ಅಳಿಯ’ ಅಂತ ಬರೆಸಲೇಬೇಡಿ. ‘ನನ್ನ ತಂಗಿ ಇಂಥವಳ ಮಗ’ ಅಥವಾ ‘ನನ್ನ ಮಗಳು ಇಂಥವಳ ಗಂಡ’ ಅಂತ ಇರಲಿ. ವಿಲ್ ಇಲ್ಲದೆ ಹಿಂದೂ ಪುರುಷ ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ ಸಹೋದರಿಯ ಮಗನಿಗೆ ಎರಡನೇ ವರ್ಗದ ವಾರಸುದಾರರಲ್ಲಿ ಜಾಗವಿದೆ. ಮಗಳ ಗಂಡನ ಹೆಸರು ಮೊದಲ ವರ್ಗದಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ.

ಕಡಲತಡಿ:
ಪತ್ರ ದಕ್ಷಿಣ ಕನ್ನಡ, ಉಡುಪಿ ಕಡೆಯದಾ ಅಂತ ಯಾರೂ ಕೇಳಲಿಲ್ಲ. ಅಳಿಯಸಂತಾನ ಕಟ್ಟಿನ ಕುಟುಂಬವಾದರೆ ಆಸ್ತಿಯ ಮಾತಿನಲ್ಲಿ ಬರುವ ಅಳಿಯ ಸಹೋದರಿಯ ಮಗ. ‘ಅಳಿಯಸಂತಾನ ಅಂದರೆ ಮಗಳ ಗಂಡನಿಗೆ ಆಸ್ತಿ’ ಅಂತ ಘಟ್ಟದ ಮೇಲಿನವರು ಹೇಳೋದನ್ನು ಕೇಳಿ ಸಾಕಾಗಿದೆ. ಅಲ್ಲಿ ಕುಟುಂಬ ನಡೆಯೋದು ತಾಯಿಯ ಕಡೆಯಿಂದ, ಮಗಳ ಗಂಡ ಆ ಕುಟುಂಬದ ಸದಸ್ಯನೇ ಅಲ್ಲ. ಅವನು ತನ್ನ ತಾಯಿಯ ಕುಟುಂಬಕ್ಕೆ ಸೇರಿದವನು. ಪತ್ರದಲ್ಲಿ ‘ಕವರು’ (ಒಬ್ಬ ಹೆಂಗಸು ಮತ್ತು ಹೆಣ್ಣಿನ ಕಡೆಯಿಂದ ಬಂದ ಅವಳ ಸಂತತಿಯ ಕವಲು), ‘ಯಜಮಾನ್ತಿ’ (ಕುಟುಂಬದ ಯಜಮಾನಿ) ಅನ್ನೋ ಪದಗಳು ಕಂಡರೆ ಈ ಕಟ್ಟು ಅಂತ ಗುರುತು. ಇದಕ್ಕೆಂದೇ 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದಿತ್ತು. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿತ್ತು.

ಇತಿಹಾಸದ ‘ಅಳಿಯ ರಾಮರಾಯ’ನ ವಿಷಯ ಬೇರೆ. 1565ರ ಯುದ್ಧದಲ್ಲಿ ಸತ್ತ ಆತ ಕೃಷ್ಣದೇವರಾಯನ ಮಗಳ ಗಂಡ.

ಹಳೇಕಡತ:
ಪತ್ರ ತುಮಕೂರು ಕಡೆಯದು, ಕವರು ಇಲ್ಲ. ಕೋಂ ಹುಡುಕುತ್ತೇನೆ. ಎರಡೂ ಆಗಿದ್ದರೆ? ತಂಗಿಯ ಮಗನಿಗೇ ಮಗಳನ್ನು ಕೊಟ್ಟಿದ್ದರೆ?

ಬೇರುಬಿಳಲು:
ಆ ಕಡೆ ಅದೇನೂ ಅಪರೂಪವಲ್ಲ. ‘ಅಳಿಯ ಅಲ್ಲ, ಮಗಳ ಗಂಡ’ ಅನ್ನೋ ಗಾದೆಯನ್ನು ಒಂದನ್ನೇ ಎರಡು ಸಲ ಹೇಳುವವರಿಗೆ ಅಂತೀವಿ, ನಿಮ್ಮ ಪತ್ರಕ್ಕೆ ಮಾತ್ರ ಅದು ಸರಿಯಾದ ಪ್ರಶ್ನೆ.

ನಕ್ಷೆಯಲ್ಲಿ ರಂಗಪ್ಪನನ್ನು ಒಂದೇ ಸಲ ಬರೆಯಿರಿ. ತಾಯಿಯಿಂದ ಒಂದು ಗೆರೆ, ಹೆಂಡತಿಗೆ ಇನ್ನೊಂದು ಗೆರೆ. ಎರಡು ಕಡೆ ಬರೆದರೆ ಮುಂದಿನ ತಲೆಮಾರು ಎರಡು ಪಾಲಾಗಿ, ಒಂದೇ ಮಗು ಇಬ್ಬರಾಗಿಬಿಡುತ್ತದೆ. ಅಕ್ಕನ ಮಗಳನ್ನು ಮದುವೆಯಾದವರಿದ್ದರೆ ಇನ್ನೂ ಹುಷಾರು. ಆ ಅಕ್ಕನಿಗೆ ಅವನು ತಮ್ಮನೂ ಹೌದು, ಅಳಿಯನೂ ಹೌದು, ಗೆರೆ ಒಂದು ತಲೆಮಾರು ಕೆಳಗಿಳಿಯುತ್ತದೆ. ಒಂದು ಪತ್ರದಲ್ಲಿ ‘ತಮ್ಮ’, ಇನ್ನೊಂದರಲ್ಲಿ ‘ಅಳಿಯ’ ಅಂತ ಒಂದೇ ಹೆಸರು ಕಂಡರೆ, ಇಬ್ಬರು ಬೇರೆ ಬೇರೆ ಅಂದುಕೊಳ್ಳುವ ಮುಂಚೆ ‘ಬಿನ್’ ಹೆಸರನ್ನು ಹೋಲಿಸಿ ನೋಡಿ.